ಕಮ್ಮಿ ೧೩, ಕಮ್ಮಿ ೧೭

ಅಪ್ಪಾ,

ಕಾಲುವೆಗೆ ನೀರು ಬಿಟ್ಟಿದ್ದಾರೆ. ಮೊದಲು ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಯಾವ ಮಾತೂ ನಿನ್ನ ಕಿವಿಗೆ ಬೀಳುವುದಿಲ್ಲ. ಸೋಮವಾರ ಡ್ಯಾಮಿನಿಂದ ಬಿಟ್ಟರಂತೆ, ನಮ್ಮೂರು ಮೆಟ್ರಿಗೆ ಮುಟ್ಟಿದೆ ಅಂತ ಅವ್ವ ಫೋನ್ ಮಾಡಿದ್ದಳು. ನೀನು ಹೋಗಿ ಎರಡು ವರ್ಷವಾಯಿತು, ಆದರೂ ನೀರು ಬಂದ ದಿನ ಸಂಜೆ ಆರಕ್ಕೆ, ನೀನು ಗೇಜ್ ನೋಡಿ ಬರುತ್ತಿದ್ದ ಹೊತ್ತಿಗೆ, ಅವಳು ಬಾಗಿಲ ಕಡೆ ನೋಡುತ್ತಾಳೆ. "ನೀ ಕಾಲುವಿ ನೀರು ಕಾಯೋ ಲಸ್ಕರನ್ನ ಕಟ್ಕೊಂಡಿದ್ರ ಗೊತ್ತಾಗ್ತಿತ್ತಲೇ ಹುಲಿಗಿ" ಅಂದಳು.

ನಾನು ಸಂಡೂರಿನ ಯಾರ್ಡಿನಲ್ಲಿ, ವೇಬ್ರಿಜ್ ಕ್ಯಾಬಿನ್ನಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಒಂದು ಅದಿರು ಲಾರಿ ತೂಕವಾಗಿ ಹೋಗಿ ಇನ್ನೊಂದು ಬರುವಷ್ಟರಲ್ಲಿ ಎರಡು ಸಾಲು. ಇವತ್ತು ಗುರುವಾರ. ಶನಿವಾರ ನಾಲ್ಕು ಗಂಟೆಗೆ ಹೊಸಪೇಟೆ ಕಾಲೇಜಿನಲ್ಲಿ ಅಡ್ಮಿಷನ್ ಮುಗಿಯುತ್ತದೆ. ಹತ್ತು ವರ್ಷದ ಹಿಂದೆ ನಾನು ಬಿಟ್ಟು ಬಂದ ಅದೇ ಕಾಲೇಜು. ಮತ್ತೆ ಸೇರಬೇಕೋ ಬೇಡವೋ, ಸೇರಿದರೆ ಯಾವ ಡಿಗ್ರಿಗೆ... ಯಾರನ್ನು ಕೇಳಲಿ ಹೇಳು? ನೀನು ಇದ್ದಿದ್ದರೂ ಕೇಳುವ ಧೈರ್ಯ ನನಗಿರುತ್ತಿರಲಿಲ್ಲ. ಅದಕ್ಕೊಂದು ಕಾರಣ ಇದೆ, ಅದನ್ನು ಹೇಳಲಿಕ್ಕೇ ಈ ಕಾಗದ.

ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ನಿನ್ನ ಅಳಿಯನಿಗೆ ಹೇಳಿದೆ. ಹೊನ್ನೂರಸ್ವಾಮಿ ಗೊತ್ತಲ್ಲ ನಿನಗೆ, ಡಂಪರ್ ಓಡಿಸುವವನು, ಯಾವುದಕ್ಕೂ ಜೋರಾಗಿ ಬೇಡ ಅನ್ನುವುದಿಲ್ಲ. "ಬಿ.ಎಸ್ಸಿ. ಮೂರು ವರ್ಷ, ಬಿ.ಎಡ್. ಎರಡು. ಅಷ್ಟೊತ್ತಿಗೆ ನಿಂಗ ಮೂವತ್ತೈದು. ಡಿಗ್ರಿನ ಬೇಕಂದ್ರ ಮನ್ಯಾಗ ಕುಂತು ಬಿ.ಎ. ಕಟ್ಟು. ನೌಕ್ರಿನೂ ಉಳೀತೈತಿ, ಡಿಗ್ರಿನೂ ಆಗ್ತೈತಿ. ಯಾವ ಡಿಗ್ರಿ ಅಂತ ಯಾರ್ ಕೇಳ್ತಾರ?" ಅಂದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾತು ತಪ್ಪೇನಲ್ಲ. ನಮ್ಮ ಯಾರ್ಡಿನಲ್ಲಿ ಮೇಲಿನ ಹುದ್ದೆಗೆ ಯಾವುದಾದರೂ ಒಂದು ಡಿಗ್ರಿ ಸಾಕು. "ನಾ ಕೇಳ್ತೀನಿ" ಅಂದೆ. ಆಮೇಲೆ ಇಬ್ಬರೂ ರೊಟ್ಟಿ ಮುರಿದೆವು.

ನನಗೆ ಗಣಿತವೇ ಯಾಕೆ ಬೇಕು ಅಂತ ಅವನಿಗೆ ಹೇಗೆ ತಿಳಿಸಲಿ? ಒಂಬತ್ತನೇ ಕ್ಲಾಸಿನಲ್ಲಿ ಇಡೀ ವರ್ಷ ನಮಗೆ ಗಣಿತದ ಮೇಷ್ಟ್ರಿರಲಿಲ್ಲ, ನೆನಪಿದೆಯಾ? ದಶಾಂಶ ತಿಳಿಯದೆ ಅಳುತ್ತಾ ಕುಳಿತವಳನ್ನು ನೀನು ಸೈಕಲ್ ಮೇಲೆ ಕೂರಿಸಿಕೊಂಡು ಕಾಲುವೆ ಏರಿಗೆ ಕರೆದುಕೊಂಡು ಹೋದೆ. ನೀರಿನಲ್ಲಿ ನಿಲ್ಲಿಸಿದ್ದ ಗೇಜಿನ ಹಲಗೆ ತೋರಿಸಿ, ಒಂದು ಅಡಿಗೆ ಹತ್ತು ಗೆರೆ ಎಣಿಸು ಅಂದೆ. "ಅಡಿಗೆ ಹನ್ನೆರಡು ಇಂಚಲ್ಲೇನಪ್ಪ?" ಅಂತ ಕೇಳಿದ್ದಕ್ಕೆ, "ಅದು ಬಡಗ್ಯಾರ ಅಡಿ. ಇದು ನೀರಿನ ಅಡಿ. ನೀರಿಗೆ ಹತ್ತೇ ಗೆರಿ" ಅಂದೆಯಲ್ಲ! ನಾಲ್ಕು ಅಡಿ ಆರು ಗೆರೆ ಅಂದರೆ ನಾಲ್ಕು ಪಾಯಿಂಟ್ ಆರು. ಅವತ್ತು ಕಲಿತದ್ದು ಇವತ್ತಿಗೂ ಮರೆತಿಲ್ಲ. ಕಂಪ್ಲಿ ಕಡೆಯ ಯಾವುದಾದರೂ ಹೈಸ್ಕೂಲಿನಲ್ಲಿ ನಿಂತು ಹಾಗೆ ಹೇಳಿಕೊಡಬೇಕು ಅಂತ ಆಸೆ. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಯಾಕೆಂದರೆ...

ತಡಿ, ಅದಕ್ಕೂ ಮೊದಲು ಗೇಜ್ ಬುಕ್ಕಿನ ಕಥೆ. ಬೆಳಿಗ್ಗೆ ಆರು, ಸಂಜೆ ಆರು, ನೀರಿನ ಮಟ್ಟ ಓದಿ ನೀನು ಬರೆಯುತ್ತಿದ್ದ ಆ ಉದ್ದನೆಯ ಬುಕ್ಕು. ಅಂಕಿಗಳೆಲ್ಲ ಕನ್ನಡದಲ್ಲಿ, ಮುತ್ತಿನ ಹಾಗೆ. ಕೊನೆಯ ಷರಾ ಕಾಲಮ್ಮಿನಲ್ಲಿ ಒಂದೋ "ಸರಿ", ಇಲ್ಲವೇ "ಕಮ್ಮಿ" ಅಂತ ಬರೆದು ಎಷ್ಟು ಕಮ್ಮಿ ಅನ್ನುವ ಅಂಕಿ. ಕಮ್ಮಿ ಅಂತ ಬರೆದ ದಿನ ನೀನು ಚಹಾಕ್ಕೂ ನಿಲ್ಲದೆ ಸೈಕಲ್ ಹತ್ತಿ ಮೇಲಿನ ತೂಬಿಗೆ ಹೋಗುತ್ತಿದ್ದೆ, ನೀರು ಎಲ್ಲಿ ನಿಂತಿದೆ ಅಂತ ನೋಡಲು.

ನಾನು ಪಿಯುಸಿಯಲ್ಲಿದ್ದಾಗ ಒಂದು ಸಂಜೆ ನಿನಗೆ ಚಳಿಜ್ವರ ಬಂದಿತ್ತು. "ಹುಲಿಗಿ, ಗೇಜ್ ನೋಡಿ ಬರ್ಕೊಂಡ್ ಬಾ" ಅಂದೆ. ನನಗೆ ಮಾರನೇ ದಿನ ಪರೀಕ್ಷೆ. ನಾನು ಹೋಗಲೇ ಇಲ್ಲ ಅಪ್ಪಾ. ಹಿತ್ತಲಲ್ಲಿ ಕುಳಿತು ಬೆಳಗಿನ ಅಂಕಿಯನ್ನೇ ಬರೆದು, ಪಕ್ಕದಲ್ಲಿ "ಸರಿ" ಅಂತ ಹಾಕಿದೆ. ಅವತ್ತು ಮಧ್ಯಾಹ್ನವೇ ನೀರು ಒಂದು ಅಡಿ ಇಳಿದಿತ್ತು. ಕೊನೇ ಭಾಗದ ಗದ್ದೆಯವರು ಜೋರು ಮಾಡಿಕೊಂಡು ಬಂದರು, ಹಿಂದೆಯೇ ಸಾಹೇಬರ ಜೀಪು. ಬುಕ್ಕು ತೆರೆದು, "ಇಷ್ಟು ದಿನ ಕನ್ನಡ ಅಂಕಿ ಬರೆಯೋನು, ಇದೊಂದು ಇಂಗ್ಲಿಷಲ್ಲಿ ಐತಲ್ಲ? ಯಾರ್ ಬರ್ದಿದ್ದು?" ಅಂತ ಕೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನೀನು ಕೈ ಕಟ್ಟಿಕೊಂಡು, "ನಾನ ಬರ್ದಿದ್ದು ಸಾಹೇಬ್ರ. ಇಂಗ್ಲಿಷ್ ಅಂಕಿ ಕಲಿಯಾಕ ಹತ್ತೀನ್ರಿ" ಅಂದೆ.

ಮೆಮೊ ಕೊಟ್ಟರು. ಆಡಿದ ಸುಳ್ಳಿಗೆ ಕಟ್ಟುಬಿದ್ದು ಅಂದಿನಿಂದ ರಿಟೈರ್ ಆಗುವವರೆಗೂ ನೀನು ಬುಕ್ಕಿನಲ್ಲಿ ಇಂಗ್ಲಿಷ್ ಅಂಕಿಯನ್ನೇ ಬರೆದೆ, ಮೊದಮೊದಲು ಏಳನ್ನು ತಿರುವುಮುರುವಾಗಿ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಈಗ ಆ ಇನ್ನೊಂದು ವಿಷಯ. ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಗ ನೀನು ಏರಿಯ ಮೇಲಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡೆ. ನಾಲ್ಕು ತಿಂಗಳು ಮಂಚ. ನಿನ್ನ ಸೇವೆಗಂತ ನಾನು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಬಂದ ಬಂದವರಿಗೆಲ್ಲ ನೀನು, "ನನ್ನ ಕಾಲಿನ ಸಂಬಂಧ ಕೂಸಿನ ಕಾಲೇಜು ಬಂದ್ ಆತು" ಅನ್ನುತ್ತಿದ್ದೆ. "ಬಿಟ್ಟಿಲ್ಲ, ಬಂದ್ ಐತಿ. ಕಾಲುವಿ ಬಂದ್ ಆದಂಗ" ಅಂತ ಸೇರಿಸುತ್ತಿದ್ದೆ. ಇಡೀ ಊರು ನನ್ನನ್ನು ಹೊಗಳಿತು. ಎಂಥ ಮಗಳು, ಅಪ್ಪನಿಗಾಗಿ ಓದು ಬಿಟ್ಟಳು ಅಂತ.

ಅದು ಸುಳ್ಳು ಅಪ್ಪಾ. ನೀನು ಬೀಳುವ ಒಂದು ವಾರ ಮೊದಲು ರಿಸಲ್ಟ್ ಬಂದಿತ್ತು. ಗಣಿತದಲ್ಲಿ ನಪಾಸು, ಭೌತಶಾಸ್ತ್ರದಲ್ಲಿ ನಪಾಸು. ನಿನಗೆ ಹೇಗೆ ಮುಖ ತೋರಿಸಲಿ ಅಂತ ಹಾಸ್ಟೆಲಿನಲ್ಲೇ ಕುಳಿತಿದ್ದಾಗ ನೀನು ಬಿದ್ದ ಸುದ್ದಿ ಬಂತು. ಹೇಳಲೇಬೇಕಾದ ಮಾತಿದು, ಹೇಳಿಬಿಡುತ್ತೇನೆ: ನಿನ್ನ ಕಾಲು ಮುರಿದ ಸುದ್ದಿ ಕೇಳಿ ನನಗೆ ಒಂದು ಗಳಿಗೆ ಜೀವ ಹಗುರವಾಯಿತು. ಇಂಥ ಮಗಳು ಯಾರಿಗೆ ಬೇಕು? ಎಂಟು ವರ್ಷ ನೀನು ಕುಂಟುತ್ತಾ ನಡೆದಾಗಲೆಲ್ಲ ನನ್ನ ಕಡೆ ನೋಡಿ ಕಣ್ಣು ತಗ್ಗಿಸುತ್ತಿದ್ದೆ, ನೀನು ತಪ್ಪು ಮಾಡಿದವನ ಹಾಗೆ.

ನಿನ್ನೆ ಕಾಲೇಜಿಗೆ ಹೋಗಿದ್ದೆ. ಹಳೇ ಹೆಸರು ರದ್ದು ಮಾಡಿ ಹೊಸದಾಗಿ ಸೇರಬೇಕಂತೆ, ಮೊದಲ ವರ್ಷದಿಂದಲೇ. ಹಳೇ ಮಾರ್ಕ್ಸ್ ಕಾರ್ಡ್ ಬೇಕು ಅಂದರು ಗುಮಾಸ್ತೆ ಮೇಡಂ. ನನಗೆ ಅದು ಬಂದೇ ಇಲ್ಲ ಅಂದೆ. ರಿಜಿಸ್ಟರ್ ತಿರುವಿ ಹಾಕಿ, "ಅವಾಗ ನಿಮ್ಮ ಮನಿಗೆ ಪೋಸ್ಟ್ ಮಾಡೀವಲ್ರಿ. ಮೆಟ್ರಿ ಅಡ್ರೆಸ್" ಅಂದರು. ಹಾಗಾದರೆ ಅದು ಯಾರ ಕೈಗೆ ಸಿಕ್ಕಿತು? ಫಾರ್ಮಿನಲ್ಲಿ "ಮಧ್ಯದಲ್ಲಿ ಬಿಟ್ಟ ಕಾರಣ" ಅಂತ ಒಂದು ಕಾಲಮ್ಮಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪೆನ್ನು ಮುಚ್ಚಿಟ್ಟುಬಿಟ್ಟೆ. "ತಂದೆಯ ಅನಾರೋಗ್ಯ ಅಂತ ಬರೀರಿ, ಎಲ್ಲಾರೂ ಅದನ್ನ ಬರೀತಾರ. ಪ್ರಿನ್ಸಿಪಾಲರೂ ಜಲ್ದಿ ಸಹಿ ಹಾಕ್ತಾರ" ಅಂತ ಅವರೇ ದಾರಿ ತೋರಿಸಿದರು.

ಇನ್ನೊಂದು ಸಲ ನಿನ್ನ ಕಾಲಿನ ಮೇಲೆ ಹಾಕಲೇ? ಮನೆಯಲ್ಲೇ ಕುಳಿತು ಬಿ.ಎ. ಕಟ್ಟಿದರೆ ಈ ಕಾಲಮ್ಮೇ ಇರುವುದಿಲ್ಲ. ಯಾರೂ ಏನೂ ಕೇಳುವುದಿಲ್ಲ. ಅದೇ ವಾಸಿಯೇನೋ. ಲಾರಿ ಬಂತು, ಹಾರ್ನ್ ಹೊಡೆಯುತ್ತಿದ್ದಾನೆ...

ಗುರುವಾರ ಅಲ್ಲಿಗೆ ನಿಲ್ಲಿಸಿದ್ದೆ. ಈಗ ಶನಿವಾರ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಮುಂದುವರಿಸುತ್ತಿದ್ದೇನೆ.

ನಿನ್ನೆ ರಜೆ ಹಾಕಿ, ದರೋಜಿ ಮೇಲಿಂದ ಮೆಟ್ರಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಪುಂಡಿಪಲ್ಯ ಬಿಡಿಸುತ್ತಿದ್ದಳು. ಕಾಲೇಜಿಂದ ಯಾವತ್ತಾದರೂ ಪೋಸ್ಟ್ ಬಂದಿತ್ತಾ ಅಂತ ಕೇಳಿದೆ. "ಬಂದಿತ್ತು. ನಿಮ್ಮಪ್ಪ ಮಂಚದ ಮ್ಯಾಲಿದ್ದ, ನಾನ ಕೈಗೆ ಕೊಟ್ಟೆ" ಅಂದಳು, ಕೈಯಲ್ಲಿದ್ದ ಸೊಪ್ಪಿನಿಂದ ಕಣ್ಣೆತ್ತದೆ.

"ಓದಿದ್ನೇನು?"

"ಎರಡು ಸಲ ಓದಿದ. ಏನೈತಿ ಅಂದ್ರ ಏನಿಲ್ಲ ಅಂದ. ದಿಂಬಿನ ಕೆಳಗ ಇಟ್ಕೊಂಡ."

"ನಿಂಗ ಗೊತ್ತಿತ್ತೇನವ್ವ, ಅದ್ರಾಗ ಏನಿತ್ತು ಅಂತ?"

"ನಂಗೆಲ್ಲಿ ಓದಾಕ ಬರ್ತೈತಿ? ನಿಮ್ಮಪ್ಪನ ಮಾರಿ ಓದಾಕ ಬರ್ತಿತ್ತು, ಅಷ್ಟ. ಅವತ್ತಿಂದನ ಅಂವ ಎಲ್ಲಾರ ಮುಂದ ತನ್ನ ಕಾಲಿನ ಸುದ್ದಿ ತೆಗ್ಯಾಕ ಶುರು ಮಾಡಿದ್ದು."

ನಿನ್ನ ತಗಡಿನ ಪೆಟ್ಟಿಗೆ ತೆಗೆದಳು. ಖಾಕಿ ಅಂಗಿ, ಪಿಂಚಣಿ ಕಾಗದ, ಆ ಹಳೇ ಮೆಮೊ, ಅದರ ಕೆಳಗೆ ನಾಲ್ಕು ಮಡಿಕೆಯ ನನ್ನ ಮಾರ್ಕ್ಸ್ ಕಾರ್ಡ್. ಗಣಿತ ಇಪ್ಪತ್ತೆರಡು, ಭೌತಶಾಸ್ತ್ರ ಹದಿನೆಂಟು. ತಿರುವಿ ನೋಡಿದೆ. ಹಿಂದುಗಡೆ ಪೆನ್ಸಿಲಿನಲ್ಲಿ ನಿನ್ನ ಮುತ್ತಿನಂಥ ಕನ್ನಡ ಅಂಕಿ. ಪಾಸಿನ ಮೂವತ್ತೈದರಿಂದ ಎರಡನ್ನೂ ಕಳೆದು, ಪಕ್ಕದಲ್ಲಿ ಷರಾ ಬರೆದಿದ್ದೆ: ಕಮ್ಮಿ ೧೩. ಕಮ್ಮಿ ೧೭. ನಪಾಸು ಅಂತ ಎಲ್ಲೂ ಬರೆದಿರಲಿಲ್ಲ.

ಅಳು ಬಂತು ಅಂದುಕೊಂಡೆಯಾ? ಸಿಟ್ಟು ಬಂತು. ಮೈಯೆಲ್ಲ ಉರಿಯುವಂಥ ಸಿಟ್ಟು. ಎಂಟು ವರ್ಷ ನನ್ನ ಮುಖ ನೋಡುತ್ತಾ, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದೆಯಲ್ಲ! "ಹುಲಿಗಿ, ಹದಿಮೂರೇ ಕಮ್ಮಿ ಬಿದ್ದಾವು, ಹೋಗಿ ಮತ್ತೆ ಬರಿ" ಅಂತ ಒಂದು ಮಾತು ಅಂದಿದ್ದರೆ ನಾನು ಇವತ್ತು... ನನ್ನ ಮಾನ ಉಳಿಸಲು ಹೋಗಿ ನನ್ನ ದಾರಿಯನ್ನೇ ಮುಚ್ಚಿದೆ. ಪ್ರತಿ ಸಲ ಬೇರೆಯವರ ತಪ್ಪನ್ನು ತನ್ನ ಬುಕ್ಕಿನಲ್ಲಿ ಬರೆದುಕೊಳ್ಳುವುದು ಯಾವ ನ್ಯಾಯ? ಇದನ್ನೆಲ್ಲ ಅವ್ವನ ಮುಂದೆ ಕೂಗಾಡಿಯೇ ಹೇಳಿದೆ. ಅವಳು ಪೂರಾ ಕೇಳಿಸಿಕೊಂಡು, "ಅಂವ ಹೇಳ್ಲಿಲ್ಲ, ಖರೇ. ನೀ ಹೇಳಿದ್ಯೇನು?" ಅಂದಳು. ಅವಳು ಸೊಪ್ಪು ತೊಳೆಯಲು ಎದ್ದು ಹೋದಳು.

ಸಂಜೆ ಒಬ್ಬಳೇ ಏರಿಗೆ ಹೋದೆ. ಗೇಜಿನ ಹಲಗೆಗೆ ಹೊಸ ಬಣ್ಣ ಬಳಿದಿದ್ದಾರೆ. ಮೂರು ಅಡಿ ಎಂಟು ಗೆರೆ ಇತ್ತು. ಈ ಸಲ ನಿಜವಾಗಿಯೂ ನೋಡಿದೆ.

ರಾತ್ರಿ ಕೊನೇ ಬಸ್ಸಿಗೆ ಸಂಡೂರಿಗೆ ವಾಪಸಾಗಿ, ಇವತ್ತು ಬೆಳಿಗ್ಗೆ ನಿನ್ನ ಅಳಿಯನಿಗೆ ಎಲ್ಲ ಹೇಳಿದೆ, ಆ ಮಾರ್ಕ್ಸ್ ಕಾರ್ಡನ್ನೂ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದ. "ಫೇಲ್ ಆದದ್ದನ್ನ ಮತ್ತ ಓದ್ತೀಯೇನು?" ಅಂದ. "ಅದನ್ನ ಓದ್ತೀನಿ" ಅಂದೆ. "ಸೆಕೆಂಡ್ ಶಿಫ್ಟ್ ಕೊಡ್ಲಿಲ್ಲಂದ್ರ?" "ಗೊತ್ತಿಲ್ಲ." ಕಾಲೇಜು ಮುಗಿಸಿ ಬರಲು ಸಂಜೆಯ ಶಿಫ್ಟ್ ಕೇಳಿದ್ದೇನೆ, ಯಾರ್ಡಿನ ಸಾಹೇಬರು ಸೋಮವಾರ ಹೇಳುತ್ತೇನೆ ಅಂದಿದ್ದಾರೆ. ಇಲ್ಲ ಅಂದರೆ ನೌಕರಿ ಬಿಡಬೇಕು, ಆಮೇಲೆ ಮನೆ ಹೇಗೆ ನಡೆಯುತ್ತದೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮಧ್ಯಾಹ್ನ ಮುಖ ಗಂಟಿಕ್ಕಿಕೊಂಡೇ ಬೈಕ್ ಮೇಲೆ ಬಸ್ಸಿಗೆ ಬಿಟ್ಟು ಹೋದ. ಬೇಡ ಅಂತ ಮಾತ್ರ ಅನ್ನಲಿಲ್ಲ.

ಹೊಸಪೇಟೆಯಲ್ಲಿ ಹಂಪಿಗೆ ಹೊರಟ ಜನರ ನಡುವೆ ನುಗ್ಗಿ ಇಳಿದು, ಕಾಲೇಜು ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ವರಾಂಡದಲ್ಲಿ ನಿಂತವರೆಲ್ಲ ಹದಿನೆಂಟರ ಹುಡುಗಿಯರು, ನನ್ನನ್ನು ಯಾರದೋ ತಾಯಿ ಅಂದುಕೊಂಡು ಜಾಗ ಬಿಟ್ಟರು. ಫಾರ್ಮಿನಲ್ಲಿ ಕೋರ್ಸ್: ಬಿ.ಎಸ್ಸಿ., ಗಣಿತ, ಭೌತಶಾಸ್ತ್ರ. ತಂದೆಯ ಉದ್ಯೋಗ: ಕಾಲುವೆ ಲಸ್ಕರ್. ಆಮೇಲೆ ಬಿಟ್ಟ ಕಾರಣದ ಆ ಕಾಲಮ್ಮು. ಗಡಿಯಾರ ನೋಡಿದೆ, ಇನ್ನೂ ಹತ್ತು ನಿಮಿಷ ಇತ್ತು. ಬರೆದೆ: "ಎರಡು ವಿಷಯದಲ್ಲಿ ನಪಾಸಾಗಿ, ಹೆದರಿ ಬಿಟ್ಟೆ. ತಂದೆಯ ಕಾರಣದಿಂದ ಅಲ್ಲ. ಗಣಿತ: ಕಮ್ಮಿ ೧೩. ಭೌತಶಾಸ್ತ್ರ: ಕಮ್ಮಿ ೧೭."

ಗುಮಾಸ್ತೆ ಮೇಡಂ ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದೇನ್ರಿ ಇದು, ಕನ್ನಡ ಅಂಕಿ? ಈಗ ಯಾರ್ ಬರೀತಾರ ಇದನ್ನ?" ಅಂತ ಕೇಳಿದರು.

ನಾನು ಕೈ ಕಟ್ಟಿಕೊಂಡು ನಿಂತಿದ್ದೆ ಅಪ್ಪಾ.

"ಕಲಿಯಾಕ ಹತ್ತೀನ್ರಿ" ಅಂದೆ.

ನಿನ್ನ ಮಗಳು,
ಹುಲಿಗಿ