ಗೋಡೆಯ ಮೇಲಿನ ಹೆಲ್ಮೆಟ್ಟು

ಅಣ್ಣಾ,

ಕೆಲಸಕ್ಕೆ ಹೊರಟೆ. ಅಮ್ಮನ ಊಟ ಮುಚ್ಚಿಟ್ಟಿದ್ದೇನೆ, ನೀನು ಎದ್ದ ಮೇಲೆ ಬಿಸಿ ಮಾಡಿ ಕೊಡು. ತಿನ್ನುತ್ತಾಳೋ ಇಲ್ಲವೋ, ದೇವರೇ ಬಲ್ಲ.

ನಿನ್ನೆ ಅವಳ ಕೋಣೆಯಿಂದ ಆ ಹಳೇ ಸಿನಿಮಾದ ಗಗನಯಾತ್ರಿ ಪೋಸ್ಟರ್ ಬಿಚ್ಚಿ, ಅಸಲಿಯೋ ನಕಲಿಯೋ ನೋಡಿ ಸರಿಮಾಡಲು ಕಾಗದ ರಿಪೇರಿಯವನಿಗೆ ಕೊಟ್ಟು ಬಂದೆಯಲ್ಲ, ಆಗಿನಿಂದ ಅವಳು ಒಂದು ತುತ್ತೂ ಮುಟ್ಟಿಲ್ಲ. ಆ ಹೆಲ್ಮೆಟ್ಟು, ದಪ್ಪ ಗ್ಲೌಸು, ಸುತ್ತ ಹಾರುವ ಕಿಡಿ ನೋಡಿ, ವೆಲ್ಡಿಂಗ್ ಮಾಡುತ್ತಿದ್ದ ಅಪ್ಪನೇ ಅದು ಅಂದುಕೊಂಡಿದ್ದಾಳೆ. ದಿನಾ ಅದರ ಜೊತೆ ಮಾತಾಡುತ್ತಲೇ ಉಣ್ಣುತ್ತಿದ್ದಳು. ನೀನು ನಗುತ್ತೀಯ ಅಂತ ನಾನು ಹೇಳಿರಲಿಲ್ಲ.

ಖಾಲಿ ಗೋಡೆಗೆ ಅವಳು ಕೈ ಸವರುವುದನ್ನು ನೋಡಲಾರದೆ, ಇವತ್ತು ಬೆಳಿಗ್ಗೆ ನಿನ್ನ ಮಂಚದಡಿಯ ರಾಶಿಯಿಂದ ರೋಬೋಟಿನ ಪೋಸ್ಟರ್ ತಂದು ಅಂಟಿಸಿದೆ. ಬೈಯಬೇಡ, ಅದರ ಮೂಲೆಯನ್ನು ಇಲಿ ಮೊದಲೇ ತಿಂದಿತ್ತು. ಅಮ್ಮ ತಟ್ಟನೆ ಎದ್ದು ನಿಂತಳು.

"ಇವ್ರು ಸೂಪರ್‌ವೈಸರ್ ಅಲ್ವೇನೇ? ಮನೆವರೆಗೂ ಯಾಕ್ ಬಂದ್ರು? ನಿಮ್ಮಪ್ಪಂಗೇನಾಯ್ತು?"

ಅಪ್ಪ ಹೋದ ಸುದ್ದಿ ತಂದ ದಿನ ಸೂಪರ್‌ವೈಸರ್ ಹೀಗೇ ಮಾತಿಲ್ಲದೆ ನಿಂತಿದ್ದರಲ್ಲ. ಅವಳನ್ನು ಹಿಡಿದು ಕೂರಿಸಿ, "ಏನೂ ಆಗಿಲ್ಲಮ್ಮ, ಡ್ಯೂಟಿ ಮುಗಿಸ್ಕೊಂಡು ಸಾಯಂಕಾಲ ಬರ್ತಾರೆ" ಅಂದುಬಿಟ್ಟೆ. ಆಮೇಲೆ ಆ ರೋಬೋಟನ್ನು ಕಿತ್ತು ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಕಿತ್ತಾಗ ಇನ್ನಷ್ಟು ಹರಿಯಿತು. ನಾನೇನು ಮಾಡಲಿ?

ಮನೆ ತುಂಬ ರಾಕೆಟ್ಟು, ಗ್ರಹದ ಪೋಸ್ಟರ್ ತುಂಬಿಸಿದ್ದೀಯ, ನಾನು ಒಂದು ಮಾತೂ ಆಡಿಲ್ಲ. ಇವತ್ತೊಂದು ದಿನ ನನ್ನ ಮಾತು ಕೇಳು. ಆ ಗಗನಯಾತ್ರಿ ಪೋಸ್ಟರ್ ಅಸಲಿಯೋ ನಕಲಿಯೋ, ಹರಿದಿದೆಯೋ ಮಾಸಿದೆಯೋ, ಯಾವುದೂ ಬೇಡ.

ಅಮ್ಮ ಈಗಲೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಕತ್ತಲಾಗುವುದರೊಳಗೆ ಅಪ್ಪನನ್ನು ಕರಕೊಂಡು ಬಾ.