ಎರಡು ಸಲ ಕೇಳಿದ ಮಾತು

ಸೊಲ್ಲಾಪುರ,
ಗುರುವಾರ, ೧೪-೨-೧೯೭೪

ಪ್ರೀತಿಯ ಅಣ್ಣಾರಾಯನಿಗೆ ನಿನ್ನ ವೈನಿಯ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ದೀಪಾವಳಿಯ ಪತ್ರದಲ್ಲಿ ಕೆಮ್ಮು ಬಂದಿದೆ ಎಂದು ಬರೆದಿದ್ದೆ, ಹೋಯಿತೋ ಇಲ್ಲವೋ ತಿಳಿಸಲೇ ಇಲ್ಲ. ಗುಲಬರ್ಗಾದ ಶಾಲೆಯಲ್ಲಿ ದಿನವಿಡೀ ಮಕ್ಕಳ ಮುಂದೆ ಕೂಗುವವನು ಗಂಟಲನ್ನು ಜೋಪಾನ ಮಾಡಿಕೊಳ್ಳಬೇಕು. ಇನ್ನೂ ಖಾನಾವಳಿಯಲ್ಲೇ ಉಣ್ಣುತ್ತಿದ್ದರೆ ಮಲಗುವಾಗ ಒಂದು ಲೋಟ ಹಾಲನ್ನಾದರೂ ಕಾಯಿಸಿಕೊಂಡು ಕುಡಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಆರು ವರ್ಷದ ಮೈದುನ ನೀನು, ಹಾಲೆಂದರೆ ಓಡಿಹೋಗುತ್ತಿದ್ದೆ. ಈಗ ಬೆನ್ನಟ್ಟುವವರು ಯಾರೂ ಇಲ್ಲವೆಂದು ಬಿಟ್ಟಿರುತ್ತೀ. ಇಲ್ಲಿ ನಾವಿಬ್ಬರೂ ಕ್ಷೇಮ.

ಈಗಿನ ಸುದ್ದಿಯನ್ನು ನೀನು ನಂಬಲಿಕ್ಕಿಲ್ಲ. ನಿನ್ನ ಅಣ್ಣ ಮೂರು ದಿನ ಅಂಗಡಿ ಮುಚ್ಚಿ ನನಗೆ ಊರು ತೋರಿಸಿದರು. ನಮ್ಮ ಪೇಟೆಯ ರಸ್ತೆ ಅಗೆದು ಗಟಾರದ ಪೈಪು ಹಾಕುತ್ತಿದ್ದಾರೆ. ಬಟ್ಟೆಯ ಥಾನುಗಳ ಮೇಲೆ ಮಣ್ಣು ಕೂರುತ್ತದೆಂದು ಎಲ್ಲರೂ ಬಾಗಿಲು ಎಳೆದುಕೊಂಡರು. ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತ, "ಈ ಊರಿಗೆ ಬಂದು ಇಪ್ಪತ್ತೆರಡ ವರ್ಷ ಆತು. ಕಿಲ್ಲೆದ ಒಳಗ ಒಮ್ಮೆರೆ ಹೋಗಿಯೇನು?" ಎಂದರು. ಕಿಲ್ಲೆಯ ಗೋಡೆಯನ್ನು ನಾನು ಕಂಡದ್ದು ಟಾಂಗಾದಲ್ಲಿ ಕೂತು, ಸೆರಗಿನ ಮರೆಯಿಂದ. ಸಿದ್ಧೇಶ್ವರನ ಗುಡಿಗೆ ಹೋದದ್ದುಂಟು, ಆದರೆ ಯಾವಾಗಲೂ ಅತ್ತೆಯವರ ಹಿಂದೆ. ನಾವಿಬ್ಬರೇ ಎಂದು ಎಲ್ಲಿಗೂ ಹೋದವರಲ್ಲ. ಯಾರದಾದರೂ ಮದುವೆಗೆಂದು ಎತ್ತಿಟ್ಟಿದ್ದ ಇಳಕಲ್ ಸೀರೆ ತೆಗೆದು ಉಟ್ಟೆ.

ಕಿಲ್ಲೆಯಲ್ಲಿ ಅವರು ಒಂದೇ ಸಮನೆ ಮಾತನಾಡಿದರು. ಇದು ಹೊರಗಿನ ಗೋಡೆ, ಇದು ಒಳಗಿನದು, ಇಲ್ಲಿ ತೋಪು ಇಡುತ್ತಿದ್ದರು ಎಂದು. ಬುರುಜಿನ ಮೇಲೆ ನಿಂತರೆ ಕೆರೆಯ ನಡುವೆ ಗುಡಿ, ಆಚೆ ಗಿರಣಿಯ ಚಿಮಣಿಗಳು. ಅಷ್ಟು ಮಾತು ಅವರ ಬಾಯಿಂದ ನಾನು ಕೇಳಿದ್ದೇ ಇಲ್ಲ. ಇಳಿಯುವಾಗ ನನ್ನ ಸೀರೆ ಜಾಲಿ ಮುಳ್ಳಿಗೆ ಸಿಕ್ಕಿತು. "ನಿಂದರ್ರಿ" ಎಂದೆ. ನಾಲ್ಕು ಸಲ ಕೂಗಿದರೂ ಅವರು ಕೈ ಬೆನ್ನಿಗೆ ಕಟ್ಟಿಕೊಂಡು ನಡೆದೇ ನಡೆದರು. ನನಗೆ ಸಿಟ್ಟು ಬಂತು. ಮರುದಿನ ಹೂದೋಟದಲ್ಲಿ ಶೇಂಗಾ ಸುಲಿದು ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದರೂ ನಾನು ಮುಖ ತಿರುಗಿಸಿಯೇ ಕೂತಿದ್ದೆ.

ನಿನ್ನೆ ಅಕ್ಕಲಕೋಟೆಗೆ ಹೋದೆವು. ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರ್ ನಿನ್ನ ಅಣ್ಣನ ಪಕ್ಕದಲ್ಲೇ ನಿಂತು ಎರಡು ಸಲ ಟಿಕೀಟು ಕೇಳಿದ. ಇವರು ಮುಂದೆ ನೋಡುತ್ತ ಕೂತರು. "ಕಾಕಾ, ಕಿವಿ ಕೇಳುವುದಿಲ್ಲವೇ?" ಎಂದು ಅವನು ಮರಾಠಿಯಲ್ಲಿ ಅಂದಾಗ ಹಿಂದಿನವರು ನಕ್ಕರು. ಕಿಲ್ಲೆಯಲ್ಲಿ ನಾಲ್ಕು ಸಲ ಕೂಗಿದ್ದು ನನಗೆ ನೆನಪಾಯಿತು.

ಸ್ವಾಮಿಗಳ ಸಮಾಧಿಯ ದರ್ಶನ ಮಾಡಿಕೊಂಡು, ಹಳೆಯ ಅರಮನೆಯನ್ನು ಹೊರಗಿನಿಂದ ನೋಡಿ, ಅಲ್ಲೇ ಗೋಡೆಯ ನೆರಳಿಗೆ ಕೂತೆವು. ನಾನು ಬೇಕೆಂದೇ ಅವರ ಬೆನ್ನ ಹಿಂದೆ ಸರಿದು, "ಊಟಕ್ಕ ಹೋಗೂಣೇನ್ರಿ?" ಎಂದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡರು. ಇನ್ನಷ್ಟು ಜೋರಾಗಿ ಅಂದೆ. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು, ಇವರು ನೋಡಲಿಲ್ಲ. ಎದುರಿಗೆ ಬಂದು ಕೂತು, "ನಿಮಗ ಕೇಳ್ಸೂದಿಲ್ಲ, ಹೌದಿಲ್ಲೋ?" ಎಂದೆ.

ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಐದ ವರ್ಷ ಆತು" ಎಂದರು. "ಗಿರಾಕಿ ಥಾನಿನ ಮ್ಯಾಲೆ ಕೈ ಇಡ್ತಾರ, ಬೆರಳ ತೋರಸ್ತಾರ. ದುಕಾನ ನಡೀತದ. ಮನ್ಯಾಗ ನೀ ಮಾರಿ ನೋಡೇ ಮಾತಾಡ್ತಿ. ಕೆಪ್ಪ ಅನ್ನಿಸ್ಕೊಳ್ಳಾಕ ಮನಸ ಒಪ್ಪಲಿಲ್ಲ."

ಐದು ವರ್ಷ ಎಂದ ಕೂಡಲೇ ನನಗೆ ನೀನು ನೆನಪಾದೆ. ನೀನು ಮನೆ ಬಿಟ್ಟು ನಾಲ್ಕು ವರ್ಷ. ಆ ಸಂಜೆ ಟ್ರಂಕು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಮಾಸ್ತರಕಿ ಆರ್ಡರ್ ಬಂದದ, ಹೋಗ್ಲೋ ದುಕಾನದಾಗ ಇರ್ಲೋ ಅಂತ ಅಣ್ಣಗ ಎರಡ ಸರ್ತಿ ಕೇಳ್ದೆ ವೈನಿ. ಅರಿವಿ ಮಡಚಕೋತ ಕುಂತಾನ. ತಲಿ ಎತ್ತಿ ನೋಡ್ಲಿಲ್ಲ. ನಾ ಇದ್ರೇನು, ಹೋದ್ರೇನು."

ಅದನ್ನು ನಿನ್ನೆ ಅವರ ಮುಖ ನೋಡಿ ನಿಧಾನವಾಗಿ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲವೋ ನಂಬಿಕೆ ಬರಲಿಲ್ಲವೋ, ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ಅಂವ ನನಗ ಕೇಳಿದ್ನಾ? ಹೇಳದ ಕೇಳದ ಹೋದಾ ಅಂತ ತಿಳಕೊಂಡಿದ್ನಲ್ಲ" ಎಂದರು. ಇಷ್ಟೇ. ಊಟಕ್ಕೆ ಏಳಲಿಲ್ಲ. ಕೈ ಹಿಡಿದು ಬೆಳೆಸಿದ ತಮ್ಮ ಒಂದು ಮಾತೂ ಹೇಳದೆ ಹೋದನೆಂಬ ನೋವನ್ನು ಅವರು ನಾಲ್ಕು ವರ್ಷ ಒಳಗೇ ಇಟ್ಟುಕೊಂಡಿದ್ದರು. ತಲೆ ಎತ್ತಿ ನೋಡಲಿಲ್ಲವೆಂಬ ನೋವು ಅಲ್ಲಿ ನಿನ್ನದು. ನಡುವೆ ನಾನಿದ್ದೆ. ನಿನ್ನ ಹೆಸರು ಎತ್ತಿದರೆ ಸಿಟ್ಟಾಗುತ್ತಾರೆಂದು ನಾನು ಸುಮ್ಮನಿದ್ದೆ, ಅಣ್ಣಾರಾಯ. ಅವರನ್ನು ಒಂದು ದಿನ ಎದುರಿಗೆ ಕೂಡಿಸಿಕೊಂಡು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಆ ತಪ್ಪು ನನ್ನದು.

ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಜಾಗ ನನಗೆ ಕೊಟ್ಟರು. ಎರಡೂ ಕಡೆ ಜೋಳ ಹಣ್ಣಾಗಿ ನಿಂತಿದೆ. ಸೊಲ್ಲಾಪುರ ಬರುವವರೆಗೆ ಅಷ್ಟು ಜನರ ನಡುವೆ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ನಾನೂ ಬಿಡಿಸಿಕೊಳ್ಳಲಿಲ್ಲ. ಇಂದು ಅಂಗಡಿ ತೆರೆದಿದ್ದಾರೆ. ಹೋಗುವ ಮುಂಚೆ ಅಂಚೆ ಲಕೋಟೆ ತಂದು ನನ್ನ ಮುಂದೆ ಇಟ್ಟರು.

ಪಕ್ಕದ ಮನೆಯ ಬಸಯ್ಯನವರೂ ಸಕ್ಕುಬಾಯಿಯೂ ನಿನ್ನನ್ನು ಕೇಳುತ್ತಿರುತ್ತಾರೆ. ಆರೋಗ್ಯ ನೋಡಿಕೋ. ಆ ಸಿದ್ಧೇಶ್ವರ ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ವೈನಿ,
ಕಸ್ತೂರಬಾಯಿ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವರು ಊಟಕ್ಕೆ ಬಂದರು, ಅವಸರದಲ್ಲಿ ಬರೆಯುತ್ತಿದ್ದೇನೆ. ಹೋಳಿ ರಜೆಗೆ ನೀನು ಬರಬೇಕಂತೆ. ಅವರ ಬಲಗಿವಿ ಇನ್ನೂ ತುಸು ಕೇಳುತ್ತದೆ, ನೀನು ಆ ಕಡೆಗೇ ಕೂತು ಅಂದಿನ ಮಾತನ್ನು ಮತ್ತೊಮ್ಮೆ ಕೇಳಬೇಕಂತೆ. ಏನು ಉತ್ತರ ಹೇಳುತ್ತಾರೆಂದು ನನಗೆ ಹೇಳಿದ್ದಾರೆ. ನಾನು ಬರೆಯುವುದಿಲ್ಲ, ಬಂದು ಅವರ ಬಾಯಿಂದಲೇ ಕೇಳು.