ಬೆಟ್ಟದ ಗಣಿಕೆ ಸೊಪ್ಪು

ಅಲ್ಮೋರ, 6-9-1961

ಕುಂಬಾರಕೊಪ್ಪಲಿನ ಅವ್ವನಿಗೆ ಮೋಡದೊಳಗಿಂದ ಪುಟ್ಟತಾಯಿಯ ನಮಸ್ಕಾರ.

ಇಲ್ಲಿ ಬೆಳಗಾದರೆ ಮೋಡ ಕಿಟಕಿಯಿಂದ ಬಂದು ಒಲೆಯ ಹೊಗೆಯಲ್ಲಿ ಬೆರೆತುಹೋಗುತ್ತದೆ. ಎದ್ದಿದ್ದೇನೋ, ಇನ್ನೂ ಕನಸಿನಲ್ಲಿದ್ದೇನೋ ತಿಳಿಯುವುದಿಲ್ಲ. ಮೊನ್ನೆ ಆ ಮಂಜಿನಲ್ಲೇ ನಡೆಯುತ್ತಿದ್ದಾಗ ಕಲ್ಲುಗೋಡೆಯ ಬುಡದಲ್ಲಿ ನಮ್ಮ ಗಣಿಕೆ ಸೊಪ್ಪು ಕಂಡಿತು! ಎಲೆ ಅಂಗೈಯಗಲ, ಹಣ್ಣೂ ದಪ್ಪ. ಅದರ ಮಸ್ಸೊಪ್ಪಿಗೆ ಎಷ್ಟು ದಿನದಿಂದ ಬಾಯಿ ಹಾತೊರೆಯುತ್ತಿತ್ತು ಗೊತ್ತಾ? ಮಡಿಲು ತುಂಬ ಕಿತ್ತು ತಂದೆ. ಬೆಟ್ಟದ ಗಿಡಗಳ ಸಂಶೋಧನೆಗೆಂದೇ ಇಲ್ಲಿಗೆ ಬಂದ ನಿನ್ನ ಅಳಿಯಂದಿರು ಬಿಡಬೇಕಲ್ಲ! "ಇದು ನಮ್ಮೂರಿಂದಲ್ಲ ಕಣೇ, ನಾನು ನೋಡೋವರ್ಗೂ ಬಾಯಿಗಿಡ್ಬೇಡ" ಎಂದು ಬೇರಿನ ತುದಿ ಕತ್ತರಿಸಿಕೊಂಡು ಸೂಕ್ಷ್ಮದರ್ಶಕದ ಮುಂದೆ ಕೂತರು. ಪಕ್ಕದ ಮನೆಯಾಕೆ ದಿನಾ ತಿನ್ನುವ ಸೊಪ್ಪು ಅದು. ಬಾಡಿಸುವುದೇಕೆಂದು ನಾನು ಬೇಯಿಸಿ ಉಂಡೆ.

ಮಾರನೆಯ ಸಂಜೆ ಸಂಭ್ರಮದಿಂದ ಬಂದು ಹೇಳಿದರು: ಹಿಂದೆಂದೋ ಎರಡು ಬಗೆಯ ಗಣಿಕೆ ಕೂಡಿ ಹುಟ್ಟಿದ್ದಂತೆ ಇದು. ಇಬ್ಬರ ವರ್ಣತಂತುಗಳನ್ನೂ ಬಿಡದೆ ಇಟ್ಟುಕೊಂಡು, ಒಬ್ಬರದು ಒಂದು ಪಾಲು, ಇನ್ನೊಬ್ಬರದು ಎರಡು ಪಾಲು ಸೇರಿ, ನಮ್ಮ ಹಿತ್ತಲ ಗಿಡದ ಮೂರರಷ್ಟು ಹೊತ್ತಿದೆಯಂತೆ. ಅದಕ್ಕೇ ಹೆತ್ತವರು ತಾಳದ ಚಳಿಯನ್ನೂ ತಾಳುತ್ತದೆಯಂತೆ.

"ನಾನಾಗ್ಲೇ ತಿಂದ್ಬುಟ್ಟೆ ಕಣ್ರೀ" ಎಂದೆ. ಅವರ ಮುಖ ನೀನು ನೋಡಬೇಕಿತ್ತು!

ಬೆಳಗಿನ ವಾಕರಿಕೆಯೊಂದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಕಾರ್ಡು ತುಂಬುತ್ತಾ ಬಂತು. ಬೀಜ ಒಣಗಿಸಿಟ್ಟಿದ್ದೇನೆ, ಹೆರಿಗೆಗೆ ಬರುವಾಗ ತರುತ್ತೇನೆ. ಈ ಚಳಿಯಲ್ಲಿ ಮೊಳೆತದ್ದು ನಮ್ಮೂರ ಬಿಸಿಲಿಗೆ ಹೇಗೆ ಒಗ್ಗುತ್ತದೋ, ಎರಡನ್ನೂ ನೀನೇ ಬೆಳೆಸಿ ನೋಡುವೆಯಂತೆ.

ಪುಟ್ಟತಾಯಿ